ಭಾವನ ಜೊತೆ ಕೆಂಪು ಊರುಗಳಲ್ಲಿ

ಮಂಗಳವಾರ, ಟ್ರಿಯರ್

ಕೊಬ್ಲೆನ್ಸ್ ದಾಟಿದ ಮೇಲೆ ರೈಲು ಮೋಸೆಲ್ ನದಿಯ ದಂಡೆ ಹಿಡಿಯುತ್ತದೆ. ನದಿಯ ಅಕ್ಕಪಕ್ಕದ ಗುಡ್ಡಗಳ ತುಂಬ ದ್ರಾಕ್ಷಿ. ಇಳಿಜಾರು ಎಷ್ಟು ಕಡಿದಾಗಿದೆಯೆಂದರೆ, ಅಲ್ಲಿ ನಿಂತು ಬಳ್ಳಿ ಕಟ್ಟುವವರ ಸೊಂಟಕ್ಕೆ ಹಗ್ಗ ಬೇಕೇನೋ ಎಂದು ಭಾವ ಕಿಟಕಿಗೆ ಮೂಗು ಒತ್ತಿ ನೋಡಿದರು. ಕಾರ್ಲ್ ಮಾರ್ಕ್ಸ್‌ಗೆ ಅರ್ಥಶಾಸ್ತ್ರದ ಗೀಳು ಹತ್ತಿದ್ದು ಈ ಗುಡ್ಡಗಳಿಂದಲೇ. 1834ರ ಸುಂಕ ಒಕ್ಕೂಟದಿಂದಾಗಿ ಬೇರೆ ಜರ್ಮನ್ ಪ್ರಾಂತ್ಯಗಳ ದ್ರಾಕ್ಷಾರಸ ಅಗ್ಗವಾಗಿ ಬಂದು ಇಲ್ಲಿನ ಬೆಳೆಗಾರರು ನೆಲಕಚ್ಚಿದ್ದರು. ಸಂಕಷ್ಟವೇ ಇಲ್ಲವೆಂದು ಪ್ರಶ್ಯದ ಅಧಿಕಾರಿಗಳು ವಾದಿಸುತ್ತಿದ್ದರು. ಕೊಲೋನ್‌ನ ಪತ್ರಿಕೆಯೊಂದರ ಸಂಪಾದಕನಾಗಿದ್ದ ಇಪ್ಪತ್ನಾಲ್ಕರ ಯುವಕ 1843ರ ಜನವರಿಯಲ್ಲಿ ಈ ಬಗ್ಗೆ ಬರೆದ. ಆ ಪತ್ರಿಕೆ ಮಾರ್ಚ್ ಕೊನೆಗೆ ಮುಚ್ಚಿತು. ಅದಕ್ಕೂ ಮುಂಚೆ ಬರೆದದ್ದು ಕಾಡಿನಲ್ಲಿ ಉದುರಿದ ಪುಳ್ಳೆ ಆರಿಸುವುದನ್ನು ಕಳ್ಳತನವೆನ್ನುವ ಕಾನೂನಿನ ವಿರುದ್ಧ. ಗಾರ್ಡಿನ ಕಣ್ಣು ತಪ್ಪಿಸಿ ಸೌದೆ, ದರಗು ಹೊತ್ತು ತರುವ ನಮ್ಮ ಮಲೆನಾಡಿನವರಿಗೆ ಆ ಮೊಕದ್ದಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ, ಯೂನಿಯನ್ ಮುಖಂಡರಾಗಿ ನಿವೃತ್ತರಾದವರು, ಅಪ್ಪಟ ಮಾರ್ಕ್ಸ್‌ವಾದಿ. ನಾನು ಸಾಗರ ತಾಲ್ಲೂಕಿನವನು, ಲೋಹಿಯಾ ಮತ್ತು ಶಾಂತವೇರಿ ಗೋಪಾಲಗೌಡರ ಹೆಸರು ಕೇಳುತ್ತ ಬೆಳೆದವನು. ಹಬ್ಬದ ಊಟದ ಎಲೆಯ ಮುಂದೆಯೂ ನಮ್ಮಿಬ್ಬರ ವಾದ ನಿಂತದ್ದಿಲ್ಲ. ಕೊಲೋನ್‌ನಲ್ಲಿರುವ ಮಗಳ ಮನೆಗೆ ಬಂದಿದ್ದ ಅಕ್ಕ, "ನನಗೆ ಗೋರಿ ನೋಡುವ ಹುಚ್ಚಿಲ್ಲ, ನೀವಿಬ್ಬರೇ ಜಗಳವಾಡಿಕೊಂಡು ಬನ್ನಿ" ಎಂದು ಚಟ್ನಿಪುಡಿಯ ಡಬ್ಬಿ ಕೊಟ್ಟು ಕಳುಹಿಸಿದ್ದಳು.

ಬ್ರುಕೆನ್ ಬೀದಿಯ 10ನೇ ನಂಬರಿನ ಮನೆಯಲ್ಲಿ 1818ರ ಮೇ 5ರಂದು ಮಾರ್ಕ್ಸ್ ಹುಟ್ಟಿದ. ಒಂದೂವರೆ ವರ್ಷದೊಳಗೇ ಕುಟುಂಬ ಬೇರೆ ಮನೆಗೆ ಹೋಯಿತು, ಹಾಗಾಗಿ ಈ ಗೋಡೆಗಳು ಅವನಿಗೆ ನೆನಪಿರಲು ಸಾಧ್ಯವಿಲ್ಲ. ಮನೆಯ ಮುಂದಿನ ಕಥೆಯೇ ಹೆಚ್ಚು ಸ್ವಾರಸ್ಯದ್ದು: 1928ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಕೊಂಡಿತು, 1933ರಲ್ಲಿ ನಾಜಿಗಳು ಕಿತ್ತುಕೊಂಡು ತಮ್ಮ ಪತ್ರಿಕೆ ನಡೆಸಿದರು, 1947ರ ಮೇ 5ರಂದು ಮ್ಯೂಸಿಯಂ ಆಯಿತು. ಒಳಗೆ ಮಾರ್ಕ್ಸ್‌ನ ಓದುವ ಕುರ್ಚಿಯಿದೆ. ಭಾವ ಅದರ ಮುಂದೆ ಕೈಕಟ್ಟಿ ನಿಂತರು. ನಾನು ಅಂಗಡಿಯ ಕಡೆ ನಡೆದೆ.

ಊರು ತನ್ನ ಮಗನನ್ನು ಚೆನ್ನಾಗಿಯೇ ಮಾರಿಕೊಳ್ಳುತ್ತಿದೆ. ಇನ್ನೂರನೇ ಹುಟ್ಟುಹಬ್ಬಕ್ಕೆ ಚೀನಾ ಕೊಟ್ಟ ಪ್ರತಿಮೆ ಪೀಠವೂ ಸೇರಿ ಐದೂವರೆ ಮೀಟರ್ ಎತ್ತರ, ರೋಮನ್ನರ ಪೋರ್ಟಾ ನೀಗ್ರಾ ಹೆಬ್ಬಾಗಿಲ ಹತ್ತಿರ ನಿಂತಿದೆ. ರಸ್ತೆ ದಾಟುವ ದೀಪದಲ್ಲೂ ಗಡ್ಡದ ಮಾರ್ಕ್ಸ್ ಹಸಿರಾಗಿ ನಡೆಯುತ್ತಾನೆ. 2018ರಲ್ಲಿ ಅವನ ಚಿತ್ರವಿದ್ದ ಸೊನ್ನೆ ಯೂರೋ ನೋಟನ್ನು ಅಚ್ಚು ಹಾಕಿ ಮೂರು ಯೂರೋಗೆ ಮಾರಿದರು. ಜೀವಮಾನವೆಲ್ಲ ನೋಟು ಎಣಿಸಿದ ಭಾವ, "ಮುಖಬೆಲೆ ಸೊನ್ನೆ, ಮಾರುವ ಬೆಲೆ ಮೂರು. ಮಾರ್ಕ್ಸ್ ಹೇಳಿದ ಹೆಚ್ಚುವರಿ ಮೌಲ್ಯಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?" ಎಂದರು.

ಬುಧವಾರ, ಬ್ರಸೆಲ್ಸ್

ದಾರಿಯಲ್ಲಿ ಲಕ್ಸೆಂಬರ್ಗಿನಲ್ಲಿ ಗಾಡಿ ಬದಲಾಯಿಸಿದೆವು. ಈ ಪುಟ್ಟ ದೇಶದಲ್ಲಿ 2020ರಿಂದ ಬಸ್ಸು, ಟ್ರಾಮು, ಎರಡನೇ ದರ್ಜೆಯ ರೈಲು ಎಲ್ಲವೂ ಉಚಿತ. ಯಾವ ಕ್ರಾಂತಿಯೂ ಇಲ್ಲದೆ, ಬ್ಯಾಂಕುಗಳ ದೇಶವೊಂದು ಇದನ್ನು ಮಾಡಿ ಮುಗಿಸಿದೆ ಎಂದು ನಾನು ಚುಚ್ಚಿದೆ. "ಯಾರ ದುಡ್ಡಿನಲ್ಲಿ ಎಂದು ಕೇಳು" ಎಂದು ಭಾವ ತಿರುಗಿಸಿ ಚುಚ್ಚಿದರು. ಅಂದ ಹಾಗೆ ಕ್ರಾಂತಿಕಾರಿ ಚಿಂತಕಿ ರೋಸಾ ಲಕ್ಸೆಂಬರ್ಗ್‌ಗೂ ಈ ದೇಶಕ್ಕೂ ನಂಟಿಲ್ಲ. ಆಕೆ ಪೋಲೆಂಡಿನ ಜಮೋಶ್ಚ್ ಎಂಬ ಊರಿನವಳು.

ಬ್ರಸೆಲ್ಸ್‌ನ ದೊಡ್ಡ ಚೌಕದಲ್ಲಿ ಕಟುಕರ ಸಂಘದ ಹಳೆಯ ಮನೆಯ ಬಾಗಿಲ ಮೇಲೆ ಬಿಳಿ ಹಂಸ ರೆಕ್ಕೆ ಬಿಚ್ಚಿ ಕೂತಿದೆ. ಪ್ಯಾರಿಸ್ಸಿನಿಂದ ಹೊರದೂಡಲ್ಪಟ್ಟ ಮಾರ್ಕ್ಸ್ 1845ರಿಂದ 1848ರ ತನಕ ಈ ಊರಿನಲ್ಲಿದ್ದ. 1847ರ ಕೊನೆಯ ರಾತ್ರಿ ಜರ್ಮನ್ ಕಾರ್ಮಿಕರ ಜೊತೆ ಈ ಹಂಸದ ಮನೆಯಲ್ಲಿ ಹೊಸ ವರ್ಷವನ್ನು ಬರಮಾಡಿಕೊಂಡನೆಂದು ಗೋಡೆಯ ಫಲಕ ಹೇಳುತ್ತದೆ. ಆಗ ಅವನ ಮೇಜಿನ ಮೇಲೆ ಕಮ್ಯುನಿಸ್ಟ್ ಪ್ರಣಾಳಿಕೆ ಅರ್ಧಂಬರ್ಧವಾಗಿ ಬಿದ್ದಿತ್ತು. ಅದನ್ನು ಬರೆಯಲು ಹೇಳಿದ್ದ ಲಂಡನ್‌ನ ಸಂಘದವರು ಬೇಗ ಕೊಡು ಎಂದು ಪೀಡಿಸುತ್ತಿದ್ದರು. ಬೆಲ್ಜಿಯಂನ ಕಾರ್ಮಿಕ ಪಕ್ಷ 1885ರಲ್ಲಿ ಹುಟ್ಟಿದ್ದೂ ಇದೇ ಮನೆಯಲ್ಲಿ. ಈಗ ಚೌಕದ ಸುತ್ತ ಚಾಕೊಲೆಟ್, ವಾಫಲ್ ಮತ್ತು ನಮ್ಮಂಥ ಪ್ರವಾಸಿಗಳು.

ಗುರುವಾರ, ಬ್ರಸೆಲ್ಸ್

ಈ ಪ್ರವಾಸಕ್ಕೆ ನಾನು ನಿಜವಾಗಿ ಹೊರಟದ್ದು 1914ರ ಒಂದು ವಾರದ ಬೆನ್ನು ಹತ್ತಿ. ಬೆಳಿಗ್ಗೆ ಸಾಬ್ಲೋಂ ಕಡೆ ಹೋದೆವು. ಅಲ್ಲಿ ವಾಸ್ತುಶಿಲ್ಪಿ ವಿಕ್ಟರ್ ಓರ್ಟಾ ಕಾರ್ಮಿಕ ಪಕ್ಷಕ್ಕೆಂದು ಕಬ್ಬಿಣ ಮತ್ತು ಗಾಜಿನಲ್ಲಿ ಕಟ್ಟಿದ ಜನರ ಮನೆ ಇತ್ತು. 1899ರಲ್ಲಿ ಬಾಗಿಲು ತೆರೆದ ಆ ಮನೆಗೆ ಬಂಡವಾಳ ಕೂಡಿಸಿದ್ದು ಮುಖ್ಯವಾಗಿ ಪಕ್ಷದ ಸಹಕಾರಿ ಬೇಕರಿ. ಬ್ರೆಡ್ ಮಾರಿ ಬಂದ ಲಾಭದಲ್ಲಿ ಸಭಾಂಗಣ, ಕಾಫಿ ಹಾಲು, ಅಂಗಡಿ ಎಲ್ಲವೂ ಎದ್ದವು. 1965ರಲ್ಲಿ ಅದನ್ನು ಕೆಡವಿ ಗೋಪುರದಂಥ ಕಚೇರಿ ಕಟ್ಟಡ ನಿಲ್ಲಿಸಿದರು. ಜಗತ್ತಿನ ನೂರಾರು ವಾಸ್ತುಶಿಲ್ಪಿಗಳ ವಿರೋಧವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾವು ಆ ಗೋಪುರವನ್ನು ತಲೆಯೆತ್ತಿ ನೋಡಿ, ಮಾತಿಲ್ಲದೆ ತಲೆ ಇಳಿಸಿದೆವು. ಇಷ್ಟು ಕೆಟ್ಟ ಕಟ್ಟಡವನ್ನು ಈ ಪ್ರವಾಸದಲ್ಲಿ ಮತ್ತೆಲ್ಲೂ ಕಾಣಲಿಲ್ಲ.

ಆಸ್ಟ್ರಿಯ ಸರ್ಬಿಯದ ಮೇಲೆ ಯುದ್ಧ ಸಾರಿದ ಮರುದಿನ, ಅಂದರೆ 1914ರ ಜುಲೈ 29ರಂದು, ಹಲವು ದೇಶಗಳ ಸಮಾಜವಾದಿ ಪಕ್ಷಗಳ ಒಕ್ಕೂಟವಾದ ಎರಡನೇ ಇಂಟರ್‌ನ್ಯಾಷನಲ್‌ನ ಕಾರ್ಯಾಲಯ ಆ ಜನರ ಮನೆಯಲ್ಲಿ ಸೇರಿತು. ಫ್ರಾನ್ಸ್‌ನಿಂದ ಝಾಂ ಜೋರೆಸ್, ಜರ್ಮನಿಯಿಂದ ಹ್ಯೂಗೊ ಹಾಸೆ ಮತ್ತು ರೋಸಾ ಲಕ್ಸೆಂಬರ್ಗ್, ಬ್ರಿಟನ್‌ನಿಂದ ಕೀರ್ ಹಾರ್ಡಿ, ಆತಿಥೇಯನಾಗಿ ಬೆಲ್ಜಿಯಂನ ವಾಂಡರ್‌ವೆಲ್ಡೆ. ಕೀರ್ ಹಾರ್ಡಿ ನಮ್ಮವರಿಗೂ ಗೊತ್ತಿದ್ದವನು, 1907ರಲ್ಲಿ ಇಂಡಿಯಾ ಸುತ್ತಿ ಹೋಗಿದ್ದ. ವಿಯೆನ್ನಾದಲ್ಲಿ ಆಗಸ್ಟ್ 23ಕ್ಕೆ ನಡೆಯಬೇಕಿದ್ದ ಮಹಾಧಿವೇಶನವನ್ನು ಪ್ಯಾರಿಸ್ಸಿಗೆ ಬದಲಾಯಿಸಿ, ಆಗಸ್ಟ್ 9ಕ್ಕೆ ಹಿಂದೂಡಿದರು. ಹತ್ತು ದಿನ ಸಾಕು, ಅಷ್ಟರಲ್ಲಿ ಏನೂ ಆಗದು ಎಂದು ಅವರೆಲ್ಲ ನಂಬಿದ್ದರು. ಅಂದು ಸಂಜೆ ರಾಯಲ್ ಸರ್ಕಸ್ ಸಭಾಂಗಣ ತುಂಬಿ ತುಳುಕಿತು. ಜೋರೆಸ್ ಜರ್ಮನ್ ಸಂಗಾತಿ ಹಾಸೆಯ ಹೆಗಲ ಮೇಲೆ ಕೈಯಿಟ್ಟುಕೊಂಡು ಮಾತಾಡಿದನಂತೆ. ಸಭಾಂಗಣ ಈಗಲೂ ಇದೆ, ಆದರೆ 1950ರ ದಶಕದಲ್ಲಿ ಹೊಸದಾಗಿ ಕಟ್ಟಿದ್ದು. ಹೊರಗೆ ಸಂಗೀತ ಕಾರ್ಯಕ್ರಮದ ಪೋಸ್ಟರು.

ಮರುದಿನ ಸಭೆ ಮುಗಿದ ಮೇಲೆ ರೈಲಿಗೆ ಇನ್ನೂ ಹೊತ್ತಿತ್ತು. ಹಳೆಯ ಫ್ಲೆಮಿಶ್ ಚಿತ್ರಗಳನ್ನು ನೋಡಿ ಬರುತ್ತೇನೆಂದು ಜೋರೆಸ್ ಮ್ಯೂಸಿಯಂಗೆ ಹೋದನೆಂದು ವಾಂಡರ್‌ವೆಲ್ಡೆ ನೆನೆದಿದ್ದಾನೆ. ನಾವೂ ಹೋದೆವು. ವಾನ್ ಡೆರ್ ವೈಡನ್, ಮೆಮ್ಲಿಂಗ್ ಚಿತ್ರಗಳಲ್ಲಿ ಮುಖಗಳೆಲ್ಲ ಉಸಿರು ಬಿಗಿ ಹಿಡಿದಂತೆ ನಿಂತಿವೆ. ಭಾವ ಮಾತ್ರ ಬ್ರೂಗಲ್‌ನ ಜನಗಣತಿಯ ಚಿತ್ರದಿಂದ ಕದಲಲಿಲ್ಲ. ಹಿಮ ಬಿದ್ದ ಹಳ್ಳಿ. ಎಡಗಡೆ ಹೋಟೆಲಿನ ಕಿಟಕಿಯಲ್ಲಿ ಲೆಕ್ಕದ ಪುಸ್ತಕ ಹರವಿಕೊಂಡ ಗುಮಾಸ್ತ, ಅವನ ಮುಂದೆ ಒತ್ತರಿಸಿ ನಿಂತ ಜನ. ಕತ್ತೆಯ ಮೇಲೆ ಬಂದ ಬಸುರಿ ಮೇರಿಯನ್ನು ಯಾರೂ ನೋಡುತ್ತಿಲ್ಲ. "ಮಾರ್ಚ್ 31ರ ನಮ್ಮ ಕೌಂಟರು" ಎಂದರು ಭಾವ.

ಶುಕ್ರವಾರ, ಪ್ಯಾರಿಸ್

ಬ್ರಸೆಲ್ಸ್‌ನಿಂದ ಪ್ಯಾರಿಸ್ಸಿಗೆ ಈಗ ಒಂದೂವರೆ ಗಂಟೆಯೂ ಬೇಡ. ರೂ ಮೋಂಮಾರ್ತ್ರ್ ಬೀದಿಯ 146ನೇ ನಂಬರಿನಲ್ಲಿ, ಕ್ರೋಸಾಂ ಬೀದಿ ಕೂಡುವ ಮೂಲೆಯಲ್ಲಿ, ಕೆಂಪು ಮೇಲ್ಕಟ್ಟಿನ ಒಂದು ಸಾಧಾರಣ ಕೆಫೆಯಿದೆ. ಈ ಬೀದಿಗಳು ಆಗ ಪತ್ರಿಕಾ ಕಚೇರಿಗಳ ಗೂಡು. ಜೋರೆಸ್ 1904ರಲ್ಲಿ ಹುಟ್ಟುಹಾಕಿದ ಲುಮಾನಿತೆ ಪತ್ರಿಕೆಯ ಕಚೇರಿಯೂ ಇಲ್ಲೇ ಪಕ್ಕದಲ್ಲಿತ್ತು.

1914ರ ಜುಲೈ 31ರೂ ಶುಕ್ರವಾರವೇ. ಜೋರೆಸ್ ಇಡೀ ದಿನ ಮಂತ್ರಿಗಳ ಬಾಗಿಲು ತಟ್ಟಿ, ಮರುದಿನದ ಸಂಪಾದಕೀಯ ಬರೆಯುವ ಮುಂಚೆ ಊಟಕ್ಕೆ ಬಂದ. ಸೆಖೆಯೆಂದು ಕಿಟಕಿ ತೆರೆದಿತ್ತು, ಬೀದಿಗೂ ಮೇಜಿಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಜೋರೆಸ್ ಬೀದಿಗೆ ಬೆನ್ನು ಮಾಡಿ ಕೂತಿದ್ದ. ಊಟ ಮುಗಿದು ಸ್ಟ್ರಾಬೆರಿ ಟಾರ್ಟ್ ತಿನ್ನುವ ಹೊತ್ತಿಗೆ ಪಕ್ಕದ ಮೇಜಿನ ಪತ್ರಕರ್ತನೊಬ್ಬ ತನ್ನ ಪುಟ್ಟ ಮಗಳ ಫೋಟೊ ತೋರಿಸಿದ. ಎಷ್ಟು ವಯಸ್ಸು ಎಂದು ಜೋರೆಸ್ ಬಾಗಿ ಕೇಳುತ್ತಿದ್ದ. ಪರದೆ ಸರಿಯಿತು, ಎರಡು ಗುಂಡು ಹಾರಿದವು. ರಾತ್ರಿ ಒಂಬತ್ತು ನಲವತ್ತರ ಸುಮಾರು. ಕೊಂದವನು ರಾವುಲ್ ವಿಲ್ಯಾಂ ಎಂಬ ಉಗ್ರ ರಾಷ್ಟ್ರವಾದಿ ಯುವಕ. ನಾಲ್ಕು ದಿನದೊಳಗೆ ಯೂರೋಪು ಹೊತ್ತಿಕೊಂಡಿತು.

ವಿಲ್ಯಾಂ ಯುದ್ಧದುದ್ದಕ್ಕೂ ಸೆರೆಮನೆಯಲ್ಲಿ ಕ್ಷೇಮವಾಗಿದ್ದ. 1919ರ ಮಾರ್ಚ್‌ನಲ್ಲಿ ವಿಚಾರಣೆ ನಡೆದಾಗ ಗೆಲುವಿನ ಅಮಲಿನಲ್ಲಿದ್ದ ದೇಶ ಅವನನ್ನು ಖುಲಾಸೆ ಮಾಡಿತು. ನ್ಯಾಯಾಲಯದ ಖರ್ಚನ್ನು ಜೋರೆಸ್‌ನ ಹೆಂಡತಿಯ ಮೇಲೆ ಹೇರಿತು. ಈ ಎರಡನೇ ಸಂಗತಿ ಕೇಳಿದಾಗ ಭಾವ ಕಾಫಿ ಲೋಟ ಕೆಳಗಿಟ್ಟರು. ಅದೇ ದೇಶ 1924ರಲ್ಲಿ ಜೋರೆಸ್‌ನ ಶವಪೆಟ್ಟಿಗೆಯನ್ನು ಮೆರವಣಿಗೆಯಲ್ಲಿ, ದೇಶದ ಮಹನೀಯರನ್ನು ಮಲಗಿಸುವ ಪಾಂಥೆಯೋನ್‌ಗೆ ಒಯ್ದಿತು. ಕಾರ್ಮೋದ ಗಣಿ ಕಾರ್ಮಿಕರು ಕೆಲಸದ ಉಡುಪಿನಲ್ಲೇ ಜೊತೆಗೆ ನಡೆದರು.

ಕೆಫೆಯ ನೆಲದಲ್ಲಿ ಆತ ಬಿದ್ದ ಜಾಗವನ್ನು ಮೊಸಾಯಿಕ್‌ನಲ್ಲಿ ಗುರುತಿಸಿದ್ದಾರೆ. ಅದರ ಮೇಲೆ ಒಂದು ಕುರ್ಚಿಯ ಕಾಲು ಬಂದಿತ್ತು. ಕೂತಿದ್ದವರು ಕಚೇರಿ ಮುಗಿಸಿ ಬಂದ ನಾಲ್ವರು, ಬಿಯರ್ ಕುಡಿಯುತ್ತ ಯಾವುದೋ ರಜೆಯ ವಿಷಯ ಮಾತಾಡುತ್ತಿದ್ದರು. ನಾನು ಬಾಗಿ ನೋಡಿದ್ದನ್ನು ಕಂಡು ಅವರಲ್ಲೊಬ್ಬಳು ನಕ್ಕು ಕುರ್ಚಿ ಸರಿಸಿಕೊಟ್ಟಳು.

ನನಗೆ ಈ ಎಲ್ಲರ ಪೈಕಿ ಜೋರೆಸ್ ಮೇಲೆಯೇ ಹೆಚ್ಚು ಪ್ರೀತಿ. ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಯ ಮೇಲೆ ದೇಶದ್ರೋಹದ ಸುಳ್ಳು ಆರೋಪ ಹೊರಿಸಿದಾಗ, ಇದು ಸಿರಿವಂತರ ಮನೆಜಗಳ, ಕಾರ್ಮಿಕರಿಗೇನು ಸಂಬಂಧ ಎಂದು ಝೂಲ್ ಗೆಸ್ದ್‌ನಂಥ ಕಟ್ಟಾ ಮಾರ್ಕ್ಸ್‌ವಾದಿಗಳು ದೂರ ಉಳಿದರು. ಅನ್ಯಾಯಕ್ಕೊಳಗಾದವನು ಯಾವ ವರ್ಗದವನಾದರೇನು ಎಂದು ಜೋರೆಸ್ ಅಖಾಡಕ್ಕಿಳಿದ. ಬಂಡವಾಳಶಾಹಿ ಸರ್ಕಾರದಲ್ಲಿ ಸಮಾಜವಾದಿ ಮಂತ್ರಿಯಾಗುವುದು ಪಾಪವೆಂದು ವರ್ಷಗಟ್ಟಲೆ ಗುಡುಗಿದ ಅದೇ ಗೆಸ್ದ್ 1914ರ ಆಗಸ್ಟ್‌ನಲ್ಲಿ ಯುದ್ಧ ಸಂಪುಟದಲ್ಲಿ ಮಂತ್ರಿಯಾಗಿ ಕೂತ. ಇದನ್ನು ಭಾವನಿಗೆ ಹೇಳದೆ ಬಿಡಲಾಗಲಿಲ್ಲ. ಅವರು ಮಾಣಿಯನ್ನು ಕರೆದು ಬಿಲ್ಲು ಕೇಳಿದರು.

ಶನಿವಾರ, ಪ್ಯಾರಿಸ್

ಪೇರ್ ಲಾಷೇಜ್ ಸ್ಮಶಾನದ ಮೂಲೆಯ ಗೋಡೆಗೆ ನಿಲ್ಲಿಸಿ 1871ರ ಮೇ 28ರಂದು ಪ್ಯಾರಿಸ್ ಕಮ್ಯೂನ್ ಎಂಬ ಕಾರ್ಮಿಕ ಬಂಡಾಯದ 147 ಹೋರಾಟಗಾರರನ್ನು ಕೊಂದರು. ಪ್ರತಿ ಮೇ ತಿಂಗಳು ಜನ ಮೆರವಣಿಗೆಯಲ್ಲಿ ಇಲ್ಲಿಗೆ ಬರುತ್ತಾರೆ. ನಾವು ಹೋದಾಗಲೂ ಗೋಡೆಯ ಬುಡದಲ್ಲಿ ಕೆಂಪು ಹೂವುಗಳಿದ್ದವು. ಗೋಡೆಗೆ ಎದುರಾಗಿ ಮಾರ್ಕ್ಸ್‌ನ ಮಗಳು ಲಾರಾ ಮತ್ತು ಅವಳ ಗಂಡ ಪಾಲ್ ಲಫಾರ್ಗ್ ಮಲಗಿದ್ದಾರೆ. ಲಫಾರ್ಗ್ ಕ್ಯೂಬಾದಲ್ಲಿ ಹುಟ್ಟಿದವನು. ಕೆಲಸ ಕೊಡಿ ಎಂದು ಕಾರ್ಮಿಕರು ಕೂಗುತ್ತಿದ್ದ ಕಾಲದಲ್ಲಿ ಸೋಮಾರಿಯಾಗಿರುವ ಹಕ್ಕಿಗಾಗಿ ವಾದಿಸಿ ಪುಸ್ತಿಕೆ ಬರೆದ ಆಸಾಮಿ. ಮುಪ್ಪು ತನ್ನ ಶಕ್ತಿಯನ್ನು ಕಸಿಯುವ ಮುಂಚೆ ಹೋಗುತ್ತೇನೆಂದು ಚೀಟಿ ಬರೆದಿಟ್ಟು, 1911ರಲ್ಲಿ ದಂಪತಿ ಒಟ್ಟಿಗೆ ಪ್ರಾಣ ಕಳೆದುಕೊಂಡರು. ಅಂತ್ಯಕ್ರಿಯೆಯಲ್ಲಿ ಮಾತಾಡಿದವರಲ್ಲಿ ಲೆನಿನ್ ಒಬ್ಬ. ಮಧ್ಯಾಹ್ನದ ಮೇಲೆ ಮಳೆ. ಹೋಟೆಲಿನ ಕೋಣೆಯಲ್ಲಿ ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದು ಮಲಗಿದೆವು.

ಭಾನುವಾರ, ಪ್ಯಾರಿಸ್‌ನಿಂದ ಬರ್ಲಿನ್‌ಗೆ

ಪ್ಯಾರಿಸ್ಸಿನ ಪೂರ್ವ ನಿಲ್ದಾಣದ ಹಜಾರದಲ್ಲಿ ಎತ್ತರಕ್ಕೆ ತೂಗುಹಾಕಿದ ಒಂದು ಭಾರಿ ಚಿತ್ರವಿದೆ. 1914ರ ಆಗಸ್ಟ್‌ನಲ್ಲಿ ಇದೇ ನಿಲ್ದಾಣದಿಂದ ಹೊರಟ ಸೈನಿಕರು, ಬೀಳ್ಕೊಡುವ ಹೆಂಗಸರು. ರೈಲಿನ ಬಾಗಿಲಲ್ಲಿ ಒಬ್ಬ ತರುಣ ಕೈಗಳನ್ನು ಚಾಚಿದ್ದಾನೆ, ಬಂದೂಕಿನ ನಳಿಗೆಯಲ್ಲಿ ಹೂವು. ಬರೆದವನು ಆಲ್ಬರ್ಟ್ ಹರ್ಟರ್ ಎಂಬ ಅಮೆರಿಕನ್. ಆ ತರುಣ ಅವನ ಮಗ, 1918ರಲ್ಲಿ ಫ್ರಾನ್ಸ್‌ನಲ್ಲೇ ಯುದ್ಧದಲ್ಲಿ ಸತ್ತವನು. ಚಿತ್ರದ ಬಲತುದಿಯಲ್ಲಿ ಹೂಗುಚ್ಛ ಹಿಡಿದು ತಲೆ ತಗ್ಗಿಸಿ ನಿಂತ ಮುದುಕನ ಮುಖಕ್ಕೆ ಚಿತ್ರಕಾರ ತನ್ನದೇ ಮುಖ ಕೊಟ್ಟಿದ್ದಾನೆ. ಕೆಳಗೆ ಜನ ಸೂಟ್‌ಕೇಸು ಎಳೆದುಕೊಂಡು ಓಡುತ್ತಿದ್ದರು. ಜೋರೆಸ್ ತಡೆಯಲು ಹೊರಟಿದ್ದು ಇದನ್ನೇ.

ಬರ್ಲಿನ್‌ಗೆ 2024ರ ಡಿಸೆಂಬರ್‌ನಿಂದ ನೇರ ಹಗಲು ಗಾಡಿ ಬಂದಿದೆ, ಸುಮಾರು ಎಂಟು ಗಂಟೆ. ಆ ಯುದ್ಧದ ರಣಭೂಮಿ ವೆರ್ದುನ್ ಕಡೆಗೆ ಇಳಿದುಕೊಳ್ಳುವ ನಿಲ್ದಾಣವನ್ನು ಗಾಡಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿತು. ಸ್ಟ್ರಾಸ್‌ಬೂರ್ಗ್ ಆದ ಮೇಲೆ ರೈನ್ ನದಿ. ಭಾವ ನಿದ್ದೆಯಲ್ಲಿದ್ದರು.

ಸೋಮವಾರ, ಬರ್ಲಿನ್

ಹುಂಬೋಲ್ಟ್ ವಿಶ್ವವಿದ್ಯಾಲಯದ ಬಾಗಿಲು ಹೊಕ್ಕರೆ ಎದುರಿಗೆ ಅಮೃತಶಿಲೆಯ ಮೆಟ್ಟಿಲು. ಮೆಟ್ಟಿಲ ಮೇಲಿನ ಗೋಡೆಯಲ್ಲಿ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಮಾರ್ಕ್ಸ್‌ನ ಮಾತು: ತತ್ವಜ್ಞಾನಿಗಳು ಜಗತ್ತನ್ನು ಬಗೆಬಗೆಯಾಗಿ ವಿವರಿಸಿದ್ದಾರೆ, ಆದರೆ ಬೇಕಾದದ್ದು ಅದನ್ನು ಬದಲಾಯಿಸುವುದು. ಪೂರ್ವ ಜರ್ಮನಿಯ ಆಳ್ವಿಕೆಯಲ್ಲಿ, 1953ರಲ್ಲಿ ಕೂರಿಸಿದ್ದು. ಬರ್ಲಿನ್ ಗೋಡೆ ಬಿದ್ದ ಮೇಲೂ ಸಂರಕ್ಷಿತ ಸ್ಮಾರಕವೆಂದು ಉಳಿಸಿಕೊಂಡಿದ್ದಾರೆ. ತಮಾಷೆಯೆಂದರೆ, ಆಮೇಲೆ ಕಲಾವಿದೆಯೊಬ್ಬಳು ಪ್ರತಿ ಮೆಟ್ಟಿಲಿಗೂ ಹಿತ್ತಾಳೆಯ ಪಟ್ಟಿ ಹಾಕಿ 'ಮೆಟ್ಟಿಲಿದೆ, ಎಚ್ಚರಿಕೆ' ಎಂದು ಬರೆಸಿದ್ದಾಳೆ. ಜಗತ್ತನ್ನು ಬದಲಾಯಿಸಲು ಹೊರಟವರು ಹೆಜ್ಜೆಹೆಜ್ಜೆಗೂ ಅದನ್ನು ಓದಿಕೊಂಡೇ ಹತ್ತಬೇಕು.

ಮಾರ್ಕ್ಸ್ ಇಲ್ಲಿ ಓದಿದ್ದು 1836ರಿಂದ 1841ರ ತನಕ. ನಾನು ಬಂದದ್ದು ಇನ್ನೊಬ್ಬ ವಿದ್ಯಾರ್ಥಿಯ ನೆನಪಿಗೆ. ರಾಮಮನೋಹರ ಲೋಹಿಯಾ 1929ರಲ್ಲಿ ಈ ವಿಶ್ವವಿದ್ಯಾಲಯ ಸೇರಿ, ಉಪ್ಪಿನ ತೆರಿಗೆಯ ಬಗ್ಗೆ ಪ್ರಬಂಧ ಬರೆದು, ಹಿಟ್ಲರ್ ಗದ್ದುಗೆ ಏರಿದ ಹೊತ್ತಿಗೆ ಊರಿಗೆ ಮರಳಿದರು. ಜರ್ಮನಿಯ ಎರಡು ದೊಡ್ಡ ಕಾರ್ಮಿಕ ಪಕ್ಷಗಳು ಒಂದನ್ನೊಂದು ಬೈಯುತ್ತಲೇ ನಾಜಿಗಳ ಬಾಯಿಗೆ ಬಿದ್ದದ್ದನ್ನು ಕಣ್ಣಾರೆ ಕಂಡವರು. ಬಂಡವಾಳಶಾಹಿ ಯೂರೋಪಿನೊಳಗೆ ಬೆಳೆದು ಆಮೇಲೆ ಸಾಮ್ರಾಜ್ಯವಾಯಿತೆಂಬುದನ್ನು ಅವರು ಒಪ್ಪಲಿಲ್ಲ. ಎರಡೂ ಅವಳಿಗಳು, ಹುಟ್ಟಿದಾಗಿನಿಂದಲೇ ವಸಾಹತುಗಳ ರಕ್ತ ಕುಡಿದು ಬೆಳೆದವು ಎಂದರು. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದದ್ದು ನಮ್ಮ ಕಡೆ ಇವತ್ತಿಗೂ ಮನೆಮಾತು. ಭಾವ ಇಲ್ಲಿ ಒಂದು ಒಳ್ಳೆಯ ಮಾತು ಹೇಳಿದರು: ವಸಾಹತುಗಳ ಲೂಟಿಯಿಲ್ಲದೆ ಬಂಡವಾಳ ಬೆಳೆಯಲಾರದೆಂದು ರೋಸಾ 1913ರಲ್ಲೇ ಬರೆದಿದ್ದಳಲ್ಲ, ಬ್ರಿಟಿಷರು ಇಂಡಿಯಾದ ಹಳ್ಳಿಗಳ ಸಮುದಾಯದ ಭೂಮಿಯನ್ನು ಮುರಿದದ್ದೂ ಅದರಲ್ಲಿದೆಯಲ್ಲ. ಇದೆ. ನಾನು ಒಪ್ಪಿದೆ. ಇಬ್ಬರಿಗೂ ಸ್ವಲ್ಪ ಮುಜುಗರವಾಯಿತು.

ರಸ್ತೆಯಾಚೆಯ ಚೌಕಕ್ಕೆ ಆಗಸ್ಟ್ ಬೆಬೆಲ್‌ನ ಹೆಸರಿದೆ. ಕಡೆಸಲು ಕೆಲಸದ ಕುಶಲಕರ್ಮಿಯಾಗಿ, ಬಾಗಿಲ ಹಿಡಿಗಳನ್ನು ಮಾಡಿ ಹೊಟ್ಟೆ ಹೊರೆದ ಬೆಬೆಲ್, ಯೂರೋಪಿನ ಅತಿ ದೊಡ್ಡ ಕಾರ್ಮಿಕ ಪಕ್ಷವಾದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷವನ್ನು ಕಟ್ಟಿ ನಿಲ್ಲಿಸಿದ. 1878ರಿಂದ 1890ರ ತನಕ ಸಮಾಜವಾದಿಗಳ ಸಭೆ, ಪತ್ರಿಕೆ ಎಲ್ಲಕ್ಕೂ ನಿಷೇಧವಿದ್ದಾಗ ಪಕ್ಷದ ಮತ ಮೊದಲು ಸ್ವಲ್ಪ ಕುಸಿದರೂ ಆಮೇಲೆ ಹೆಚ್ಚುತ್ತಲೇ ಹೋಯಿತು. 1912ರಲ್ಲಿ ಸಂಸತ್ತಿನ 110 ಸ್ಥಾನ ಗೆದ್ದು ಎಲ್ಲರಿಗಿಂತ ದೊಡ್ಡದಾಯಿತು. ಮರುವರ್ಷ ಬೆಬೆಲ್ ಸತ್ತ. ಆ ಆಗಸ್ಟ್ ನೋಡದೆ ಸತ್ತದ್ದು ಅವನ ಪುಣ್ಯ.

ಏಕೆಂದರೆ ಆ 110 ಜನರ ಒಳಸಭೆ 1914ರ ಆಗಸ್ಟ್ 3ರಂದು ಸೇರಿ, ಯುದ್ಧದ ಖರ್ಚಿಗೆ ಸಾಲ ಎತ್ತುವ ಮಸೂದೆಗೆ 78 ಮತಗಳಿಂದ ಒಪ್ಪಿತು. ವಿರೋಧಿಸಿದವರು 14 ಜನ, ಹಾಸೆ ಅವರಲ್ಲೊಬ್ಬ. ಮರುದಿನ ಸಂಸತ್ತಿನಲ್ಲಿ ಪಕ್ಷದ ಒಪ್ಪಿಗೆಯ ಹೇಳಿಕೆ ಓದಬೇಕಾದವನೂ ಅವನೇ, ಪಕ್ಷದ ಅಧ್ಯಕ್ಷನಾಗಿ. ಆಪತ್ತಿನಲ್ಲಿ ತಾಯ್ನಾಡಿನ ಕೈ ಬಿಡುವುದಿಲ್ಲ ಎಂದು ಓದಿದ. ಅವನ ಹೆಗಲ ಮೇಲೆ ಜೋರೆಸ್‌ನ ಕೈ ಬಿದ್ದು ಆರು ದಿನವಾಗಿತ್ತು.

ಮಂಗಳವಾರ, ಬರ್ಲಿನ್

ಲ್ಯಾಂಡ್‌ವೇರ್ ಕಾಲುವೆ ಟಿಯರ್‌ಗಾರ್ಟನ್ ಉದ್ಯಾನದ ಅಂಚಿನಲ್ಲಿ, ಪ್ರಾಣಿ ಸಂಗ್ರಹಾಲಯದ ಪಕ್ಕ ಹರಿಯುತ್ತದೆ. ಸೇತುವೆಯ ಕೆಳಗೆ ರೋಸಾ ಲಕ್ಸೆಂಬರ್ಗ್ ಎಂಬ ಹೆಸರು ದಪ್ಪ ಎರಕದ ಅಕ್ಷರಗಳಲ್ಲಿ ದಂಡೆಯಿಂದ ಓರೆಯಾಗಿ ನೀರಿಗೆ ಇಳಿದಿದೆ. 1919ರ ಜನವರಿ 15ರ ರಾತ್ರಿ ಸೈನ್ಯಾಧಿಕಾರಿಗಳು ಆಕೆಯನ್ನು ಹೋಟೆಲೊಂದರಲ್ಲಿ ವಿಚಾರಿಸಿ, ಬಂದೂಕಿನ ಹಿಡಿಯಿಂದ ಹೊಡೆಸಿ, ಗುಂಡಿಕ್ಕಿ ಇಲ್ಲಿಗೆ ಎಸೆದರು. ಆಕೆಯ ಹೋರಾಟದ ಜೊತೆಗಾರ ಕಾರ್ಲ್ ಲೀಬ್‌ಕ್ನೆಕ್ಟ್‌ನನ್ನು ಅದೇ ರಾತ್ರಿ ಉದ್ಯಾನದಲ್ಲಿ ಕೊಂದು, ಗುರುತು ಸಿಗದ ಶವವೆಂದು ಒಪ್ಪಿಸಿದರು. ಆಗ ಅಧಿಕಾರದಲ್ಲಿದ್ದದ್ದು ಅವರಿಬ್ಬರ ಹಳೆಯ ಪಕ್ಷದವರೇ. ರೋಸಾಳ ದೇಹ ನೀರಿನಿಂದ ಸಿಕ್ಕಿದ್ದು ಮೇ 31ಕ್ಕೆ. ಅಷ್ಟರೊಳಗೆ ಲೀಬ್‌ಕ್ನೆಕ್ಟ್‌ನ ಪಕ್ಕದಲ್ಲಿ ಆಕೆಯ ಹೆಸರಿನ ಖಾಲಿ ಪೆಟ್ಟಿಗೆ ಹೂತಾಗಿತ್ತು.

ನನಗೆ ರೋಸಾ ಹತ್ತಿರವಾದದ್ದು ಸಿದ್ಧಾಂತದಿಂದಲ್ಲ, ಒಂದು ಕಾಗದದಿಂದ. 1917ರ ಡಿಸೆಂಬರ್‌ನಲ್ಲಿ ಬ್ರೆಸ್ಲಾವ್ ಸೆರೆಮನೆಯಿಂದ ಲೀಬ್‌ಕ್ನೆಕ್ಟ್‌ನ ಹೆಂಡತಿ ಸೋನ್ಯಾಗೆ ಬರೆದದ್ದು. ಸೈನಿಕರ ಹರಕು ಬಟ್ಟೆ ತುಂಬಿದ ಗಾಡಿಗಳು ಸೆರೆಮನೆಯ ಅಂಗಳಕ್ಕೆ ಬರುತ್ತಿದ್ದವು. ಎಳೆಯುತ್ತಿದ್ದದ್ದು ರುಮೇನಿಯಾದಿಂದ ಯುದ್ಧದ ಲೂಟಿಯಾಗಿ ತಂದ ಕೋಣಗಳು. ಹೊಸಿಲು ಹತ್ತಲಾರದೆ ನಿಂತ ಅವುಗಳನ್ನು ಗಾಡಿಯ ಸೈನಿಕ ಚಾವಟಿಯ ದಪ್ಪ ತುದಿಯಿಂದ ಬಡಿದ. ಕೋಣದ ಚರ್ಮ ಎಷ್ಟು ಗಡುಸೆಂಬುದು ಲೋಕಕ್ಕೇ ಗೊತ್ತು, ಅದೂ ಹರಿಯಿತು ಎನ್ನುತ್ತಾಳೆ ರೋಸಾ. ಸಾಮಾನು ಇಳಿಸುವಾಗ ರಕ್ತ ಸುರಿಯುತ್ತಿದ್ದ ಒಂದು ಕೋಣ, ಅತ್ತು ದಣಿದ ಮಗುವಿನ ಹಾಗೆ ಎದುರಿಗೆ ನೋಡುತ್ತ ನಿಂತಿತ್ತಂತೆ. ಆಕೆ ಅದರ ಮುಂದೆ ನಿಂತು ಅತ್ತಳು. ಭಾವ ಈ ಕಾಗದವನ್ನು ಎಷ್ಟೋ ಸಲ ಓದಿದವರು. ಕಾಲುವೆಯ ಕಟ್ಟೆಯ ಮೇಲೆ ಕೂತು ಮತ್ತೊಮ್ಮೆ, ಮೊಬೈಲ್‌ನಲ್ಲಿ, ನನಗೆ ಓದಿ ಹೇಳಿದರು.

ಮಧ್ಯಾಹ್ನ ಫ್ರೀಡ್ರಿಕ್ಸ್‌ಫೆಲ್ಡೆ ಸ್ಮಶಾನ. ಬಾಗಿಲ ಬಳಿಯ ಅಂಗಡಿಯಲ್ಲಿ ಭಾವ ಕೆಂಪು ಕಾರ್ನೇಷನ್ ಕೊಂಡರು. ಇಲ್ಲಿ 1926ರಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಇಟ್ಟಿಗೆಯಲ್ಲಿ ಕಟ್ಟಿದ ಸ್ಮಾರಕವನ್ನು ನಾಜಿಗಳು ನೆಲಸಮ ಮಾಡಿದರು. ಈಗಿರುವುದು 1951ರದ್ದು: ನಡುವೆ ಎತ್ತರದ ಕಲ್ಲು, ಸುತ್ತ ಗೋರಿಗಳು. ರೋಸಾ ಮತ್ತು ಲೀಬ್‌ಕ್ನೆಕ್ಟ್ ಇರುವ ಅದೇ ವೃತ್ತದಲ್ಲಿ ಪೂರ್ವ ಜರ್ಮನಿಯನ್ನು ಆಳಿದ ಉಲ್ಬ್ರಿಷ್ಟ್‌ ಕೂಡ ಇದ್ದಾನೆ. ಭಿನ್ನವಾಗಿ ಯೋಚಿಸುವವನಿಗೆ ಇದ್ದರೆ ಮಾತ್ರ ಅದು ಸ್ವಾತಂತ್ರ್ಯ ಎಂದು ಬರೆದವಳ ಪಕ್ಕದಲ್ಲಿ ಬರ್ಲಿನ್ ಗೋಡೆ ಕಟ್ಟಿಸಿದವನು! 1988ರ ಜನವರಿಯಲ್ಲಿ ಸರ್ಕಾರವೇ ನಡೆಸುತ್ತಿದ್ದ ರೋಸಾ ಸ್ಮರಣೆಯ ಮೆರವಣಿಗೆಗೆ ಆ ಮಾತನ್ನೇ ಬಟ್ಟೆಯ ಮೇಲೆ ಬರೆದುಕೊಂಡು ಹೊರಟವರನ್ನು ಪೊಲೀಸರು ಹಿಡಿದು ಒಳಗೆ ಹಾಕಿದರು. ನೂರಕ್ಕೂ ಹೆಚ್ಚು ಜನ. ವೃತ್ತದ ಹೊರಗೆ ಸ್ಟಾಲಿನ್‌ವಾದಕ್ಕೆ ಬಲಿಯಾದವರ ನೆನಪಿಗೆ 2006ರಲ್ಲಿ ಇಟ್ಟ ಒಂದು ಪುಟ್ಟ ಕಲ್ಲಿದೆ. ಅದರ ಮುಂದೆ ಭಾವ ಹೆಚ್ಚು ಹೊತ್ತು ನಿಲ್ಲಲಿಲ್ಲ, ಆದರೆ ದಾಟಿಯೂ ಹೋಗಲಿಲ್ಲ.

ಬುಧವಾರ, ಬರ್ಲಿನ್

ಫ್ರೀಡೆನಾವ್ ಬಡಾವಣೆ ಈಗಲೂ ಮಧ್ಯಮ ವರ್ಗದ ಅಚ್ಚುಕಟ್ಟಾದ ಬೀದಿಗಳದ್ದು. ಕ್ರಾನಾಖ್ ಬೀದಿಯ 58ರಲ್ಲಿ ರೋಸಾ ಬಾಡಿಗೆಗಿದ್ದಳು, ಕೂಗಳತೆಯಲ್ಲಿ ಪಕ್ಷದ ಸಿದ್ಧಾಂತಗುರು ಕಾರ್ಲ್ ಕೌಟ್ಸ್ಕಿಯ ಮನೆ. ಒಮ್ಮೆ ರೋಸಾ ಮತ್ತು ಅವಳ ಗೆಳತಿ ಕ್ಲಾರಾ ಜೆಟ್ಕಿನ್ ವಾಕಿಂಗ್ ಹೋದವರು ಕೌಟ್ಸ್ಕಿ ಮನೆಯ ಊಟಕ್ಕೆ ತಡವಾಗಿ ಬಂದರು. ಏನೋ ಅನಾಹುತವಾಯಿತೆಂದು ಹೆದರಿದ್ದೆವು ಎಂದು ಬೆಬೆಲ್ ಛೇಡಿಸಿದಾಗ ರೋಸಾ ಹೇಳಿದಳಂತೆ: ಹಾಗಾಗಿದ್ದರೆ ಗೋರಿಯ ಮೇಲೆ ಬರೆಸಿ, ಜರ್ಮನ್ ಸೋಷಿಯಲ್ ಡೆಮಾಕ್ರಸಿಯ ಕೊನೆಯ ಇಬ್ಬರು ಗಂಡಸರು ಇಲ್ಲಿ ಮಲಗಿದ್ದಾರೆ. ಭಾವ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ಅಲ್ಲಿಂದ ಐಸಾಕ್ ಬೀದಿಯ ಸ್ಮಶಾನಕ್ಕೆ ನಡೆದೇ ಹೋಗಬಹುದು. ಭಾವನಿಗೆ ಮನಸ್ಸಿರಲಿಲ್ಲ. ಅಲ್ಲಿರುವುದು ಎಡುಆರ್ಡ್ ಬರ್ನ್‌ಸ್ಟೈನ್, ಅವರ ಪಾಲಿಗೆ ಪರಿಷ್ಕರಣವಾದದ ಮೂಲಪುರುಷ. ಮಾರ್ಕ್ಸ್‌ನ ಜೊತೆಗಾರ ಏಂಗೆಲ್ಸ್‌ನ ಆಪ್ತನಾಗಿ ಲಂಡನ್‌ನಲ್ಲಿ ವರ್ಷಗಟ್ಟಲೆ ಇದ್ದ ಈ ಮನುಷ್ಯ, ಏಂಗೆಲ್ಸ್ ತೀರಿಕೊಂಡ ಮೇಲೆ ಲೆಕ್ಕ ತಾಳೆಯಾಗುತ್ತಿಲ್ಲ ಎಂದ. ಮಧ್ಯಮ ವರ್ಗ ಕರಗುತ್ತಿಲ್ಲ, ಷೇರುದಾರರು ಹೆಚ್ಚುತ್ತಿದ್ದಾರೆ, ಮಹಾಕುಸಿತದ ಸುಳಿವಿಲ್ಲ. ಆದ್ದರಿಂದ ಕೊನೆಯ ಗುರಿಯ ಜಪ ಬಿಟ್ಟು ಮತದಾನ, ಕಾರ್ಮಿಕ ಕಾನೂನು, ಸಹಕಾರ ಸಂಘಗಳ ದಾರಿಯಲ್ಲಿ ನಡೆಯೋಣ ಎಂದು 1899ರಲ್ಲಿ ಬರೆದ. ಆಗ ಇಪ್ಪತ್ತೆಂಟರ ರೋಸಾ ಅವನನ್ನು ಬಿಡಿಬಿಡಿಯಾಗಿ ಬಿಚ್ಚಿ ಹಾಕಿದಳು. ಆ ಭರದಲ್ಲಿ ಕಾರ್ಮಿಕ ಸಂಘಗಳ ದುಡಿಮೆಯನ್ನು ಬಂಡೆ ಉರುಳಿಸಿ ಮತ್ತೆ ಮತ್ತೆ ಕೆಳಗೆ ಬೀಳಿಸಿಕೊಳ್ಳುವ ಸಿಸಿಫಸ್‌ನ ಪಾಡಿಗೆ ಹೋಲಿಸಿದಳು. ಜರ್ಮನಿಯ ಯೂನಿಯನ್ ಮುಖಂಡರು ಅದನ್ನು ಕ್ಷಮಿಸಲೇ ಇಲ್ಲ. "ನೀವು ಹೇಗೆ ಕ್ಷಮಿಸಿದಿರಿ?" ಎಂದು ದಾರಿಯಲ್ಲಿ ಕೇಳಿದೆ.

"ಇಡೀ ಆಯುಷ್ಯ ಆ ಬಂಡೆಯನ್ನೇ ತಳ್ಳಿದವನು ನಾನು. ಆಕೆ ಹೇಳಿದ್ದರಲ್ಲಿ ಸುಳ್ಳೇನಿದೆ?" ಎಂದರು ಭಾವ.

ಬರ್ನ್‌ಸ್ಟೈನ್‌ನ ಗೋರಿಯ ಬಳಿ ಯಾರೂ ಇರಲಿಲ್ಲ. ನಗರಸಭೆ ಅದನ್ನು ಗೌರವದ ಗೋರಿಯೆಂದು ನೋಡಿಕೊಳ್ಳುತ್ತದೆ. ಕಾರ್ನೇಷನ್ ಇಲ್ಲ, ಮೆರವಣಿಗೆ ಇಲ್ಲ. ಎಂಟು ಗಂಟೆಯ ದುಡಿಮೆ, ಹೆಂಗಸರ ಮತದಾನ, ವಿಮೆ, ಪಿಂಚಣಿ ಎಂದು ನಾವು ಈ ದಿನಗಳಲ್ಲಿ ಸುತ್ತಿದ ದೇಶಗಳೆಲ್ಲ ಬದುಕುತ್ತಿರುವುದು ಹೆಚ್ಚು ಕಡಿಮೆ ಈತ ತೋರಿಸಿದ ದಾರಿಯಲ್ಲಿ. ಗುಂಡೇಟು ತಿಂದವರಿಗೆ ಹೂವು ಸಿಗುತ್ತದೆ, ಹಾಸಿಗೆಯಲ್ಲಿ ಸತ್ತವನಿಗೆ ಸಿಗುವುದಿಲ್ಲ. 1932ರ ಡಿಸೆಂಬರ್ 18ರಂದು, ಹಿಟ್ಲರ್ ಬರುವ ಆರು ವಾರ ಮುಂಚೆ, ಎಂಬತ್ತೆರಡನೇ ವಯಸ್ಸಿನಲ್ಲಿ ಬರ್ನ್‌ಸ್ಟೈನ್ ಸತ್ತ. ರೈಲು ಎಂಜಿನ್ ಚಾಲಕನ ಮಗ. ಹದಿಹರೆಯದಿಂದ ಹತ್ತು ವರ್ಷಕ್ಕೂ ಹೆಚ್ಚು ಬರ್ಲಿನ್‌ನಲ್ಲಿ ಬ್ಯಾಂಕ್ ಗುಮಾಸ್ತ.

"ಏನು, ಗುಮಾಸ್ತನೇ?" ಭಾವ ತಿರುಗಿದರು.

"ಹೌದು ಭಾವ, ನಿಮ್ಮ ಕೇಡರಿನವನೇ."

ಅವರು ಕಲ್ಲನ್ನು ಇನ್ನೊಮ್ಮೆ ನೋಡಿದರು. ನಂತರ, ನಾನು ಕಾಯುತ್ತಿದ್ದ ಮಾತು ಬಂತು: "ಆಗಸ್ಟ್ 4ರಂದು ಇವನೂ ಯುದ್ಧಕ್ಕೆ ಸಾಲ ಕೊಡಿ ಎಂದು ಮತ ಹಾಕಿದವನಲ್ಲವೇ?"

ಹಾಕಿದ್ದು ನಿಜ. ಆದರೆ 1915ರಲ್ಲಿ ಹಾಸೆ, ಕೌಟ್ಸ್ಕಿ ಜೊತೆ ಸೇರಿ ಯುದ್ಧದ ವಿರುದ್ಧ ಬಹಿರಂಗ ಹೇಳಿಕೆ ಕೊಟ್ಟ, ಡಿಸೆಂಬರ್ 21ರಂದು ಸಂಸತ್ತಿನಲ್ಲಿ ಪಕ್ಷದ ಶಿಸ್ತು ಮುರಿದು ವಿರುದ್ಧ ಮತ ಹಾಕಿದ ಇಪ್ಪತ್ತು ಜನರಲ್ಲಿ ಒಬ್ಬನಾದ. ಅದನ್ನು ಹೇಳಿದೆ. ಜೊತೆಗೆ ಕೈಯಲ್ಲಿ ಉಳಿಸಿಕೊಂಡಿದ್ದ ಕೊನೆಯ ಎಲೆಯನ್ನೂ ಇಳಿಸಿದೆ: ಆಗಸ್ಟ್ 4ರಂದು ನಿಮ್ಮ ಲೀಬ್‌ಕ್ನೆಕ್ಟ್ ಕೂಡ ಪಕ್ಷದ ಶಿಸ್ತಿಗೆ ತಲೆಬಾಗಿ ಪರವಾಗಿಯೇ ಮತ ಹಾಕಿದ್ದ.

ಭಾವನಿಗೆ ಅದು ಗೊತ್ತಿತ್ತು. ಸ್ಮಶಾನದ ಗೇಟು ದಾಟಿ, ಇನ್ಸ್‌ಬ್ರುಕರ್ ಚೌಕದ ರೈಲಿನ ಮೆಟ್ಟಿಲು ಇಳಿಯುವ ತನಕ ಬೆರಳು ಮಡಿಸುತ್ತ ಬಂದರು.

"ಲೀಬ್‌ಕ್ನೆಕ್ಟ್ ಡಿಸೆಂಬರ್ 2ಕ್ಕೆ ತಿದ್ದಿಕೊಂಡ, ಒಬ್ಬನೇ ನಿಂತು" ಎಂದರು. "ನಾಲ್ಕು ತಿಂಗಳು. ನಿನ್ನ ಗುಮಾಸ್ತನಿಗೆ ಹದಿನಾರು."